ಉಳಿದ ಹೊತ್ತು ಎಲ್ಲಿಗೆ ಹೋಗುತ್ತದೆ
(ಹುಳಿಯಾರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಸಂಘಟಕರು ನನಗೆ ಕೊಟ್ಟಿರುವ ವಿಷಯ ತಂತ್ರಜ್ಞಾನ ಮತ್ತು ಸಾರ್ಥಕ ಬದುಕು. ತಲೆಬರಹ ಓದಿದ ಕೂಡಲೇ ಮುಂದೆ ಏನು ಬರುತ್ತದೆಂದು ಹಿಂದಿನ ಸಾಲಿನಲ್ಲಿ ಕೂತಿರುವ ಕಾಲೇಜಿನ ಮಕ್ಕಳಿಗೆ ಗೊತ್ತಾಗಿಬಿಟ್ಟಿದೆ, ಅವರ ಮುಖ ನೋಡಿದರೆ ತಿಳಿಯುತ್ತದೆ. ಮೊಬೈಲ್ ಬಿಡಿ, ಪುಸ್ತಕ ಹಿಡಿಯಿರಿ ಎನ್ನುವ ಭಾಷಣವನ್ನು ಅವರು ಮೊಬೈಲಿನಲ್ಲೇ ಬೇಕಾದಷ್ಟು ಕೇಳಿದ್ದಾರೆ. ಬೈಯುವವರು ಹೆಚ್ಚಾಗಿ ದೊಡ್ಡವರು. ಊಟದ ತಟ್ಟೆಯ ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಕೊಬ್ಬರಿ ರೇಟು ನೋಡುವವರೂ ದೊಡ್ಡವರೇ. ಹಾಗಾಗಿ ಆ ಭಾಷಣವನ್ನು ನಾನು ಮಾಡುವುದಿಲ್ಲ. ನನಗೆ ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ ಬೇರೆ. ಒಂದೊಂದು ಯಂತ್ರ ಬಂದಾಗಲೂ ನಮಗೆ ಒಂದಿಷ್ಟು ಹೊತ್ತು ಉಳಿಯಿತು. ಉಳಿದದ್ದು ಸುಳ್ಳಲ್ಲ, ಲೆಕ್ಕ ಹಾಕಿ ತೋರಿಸಬಹುದು. ಹಾಗೆ ಉಳಿದ ಹೊತ್ತು ಯಾರ ಮನೆಗೆ ಹೋಯಿತು?

ಇದನ್ನು ಅಮೆರಿಕದಿಂದಲೋ ಬೆಂಗಳೂರಿನಿಂದಲೋ ಶುರು ಮಾಡಬೇಕಾಗಿಲ್ಲ. ಅಟ್ಟದಿಂದ ಶುರು ಮಾಡೋಣ.

ಹೊರಗಿನವರು ಯಾರಾದರೂ ಸಭೆಯಲ್ಲಿದ್ದರೆ ಅವರಿಗಾಗಿ ಹೇಳುತ್ತೇನೆ, ಉಳಿದವರು ಸಹಿಸಿಕೊಳ್ಳಿ. ಕೇರಳದಲ್ಲಿ, ಕರಾವಳಿಯಲ್ಲಿ ಕಾಯಿ ಒಡೆದು ಹೋಳು ಮಾಡಿ ಬಿಸಿಲಿಗೆ ಹಾಕಿದರೆ ಕೆಲವೇ ದಿನಗಳಲ್ಲಿ ಎಣ್ಣೆಗೆ ಹೋಗುವ ಕೊಬ್ಬರಿ ತಯಾರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಸುಮ್ಮನಿರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ತಾನಾಗಿ ಬಿಡಬೇಕು. ಹತ್ತು ತಿಂಗಳಾಗುತ್ತದೆ, ಒಮ್ಮೊಮ್ಮೆ ವರ್ಷವೇ ಆಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಹದಕ್ಕೆ ಬಂದಿದೆ ಎಂದರ್ಥ. ಅದಕ್ಕೆ ಮೊದಲೇ ಕೈ ಹಾಕಿದರೆ ಕೌಟು ಆಗುತ್ತದೆ, ಇಲ್ಲವೇ ಉಂಡೆ ಒಡೆದು ಹೋಳಾಗುತ್ತದೆ, ಎರಡಕ್ಕೂ ಬೆಲೆಯಿಲ್ಲ. ಇಷ್ಟೆಲ್ಲ ವಿಜ್ಞಾನ ಮುಂದುವರಿದರೂ ಈ ಹತ್ತು ತಿಂಗಳಿಗೆ ಒಳ್ಳೆಯ ಅಡ್ಡದಾರಿ ಸಿಕ್ಕಿಲ್ಲ.

ಅಟ್ಟದ ಮೇಲೆ ಏನೂ ಬದಲಾಗಲಿಲ್ಲ. ಅಟ್ಟದ ಕೆಳಗೆ ಎಲ್ಲವೂ ಬದಲಾಯಿತು. 2014ರಲ್ಲಿ ರಾಜ್ಯ ಸರ್ಕಾರ ಎಪಿಎಂಸಿಗಳನ್ನು ಒಂದೇ ಗಣಕಜಾಲಕ್ಕೆ ತರುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಶುರು ಮಾಡಿತು. ದೇಶದ ಮಟ್ಟದ ಇ-ನಾಮ್ ಬಂದದ್ದು ಅದಾದ ಮೇಲೆ, 2016ರಲ್ಲಿ. ರಾಶಿಗೆ ಲಾಟ್ ನಂಬರ್ ಬಿತ್ತು, ವರ್ತಕರು ಕಂಪ್ಯೂಟರಿನಲ್ಲಿ ಬೆಲೆ ನಮೂದಿಸತೊಡಗಿದರು, ಟೆಂಡರ್ ಮುಗಿದ ಕೂಡಲೇ ಯಾವ ಲಾಟ್ ಯಾರಿಗೆ ಎಷ್ಟಕ್ಕೆ ಎನ್ನುವುದು ತಿಳಿಯತೊಡಗಿತು. ಇದರಿಂದ ಒಳ್ಳೆಯದಾಯಿತು, ಅದನ್ನು ಮರೆಮಾಚುವುದು ತಪ್ಪು. ಪೇಟೆಯಲ್ಲಿ ಆದ ಬೆಲೆ ಹಳ್ಳಿಗೆ ಮುಟ್ಟುವಷ್ಟರಲ್ಲಿ ಮಧ್ಯದವರ ಕೈಯಲ್ಲಿ ಅದು ಎಷ್ಟೋ ಸವೆಯುತ್ತಿದ್ದ ಕಾಲ ಒಂದಿತ್ತು.

ಈಗ ಅದರ ಜೊತೆ ಬಂದದ್ದನ್ನೂ ನೋಡಿ. 2023ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸಿಗೆ ಕುಸಿಯಿತು. ಕೇಂದ್ರ ಆ ವರ್ಷ ಉಂಡೆ ಕೊಬ್ಬರಿಗೆ ಘೋಷಿಸಿದ್ದ ಬೆಂಬಲ ಬೆಲೆ 11,750 ರೂಪಾಯಿ. ಎರಡು ವರ್ಷ ಕಳೆಯುವಷ್ಟರಲ್ಲಿ, 2025ರಲ್ಲಿ, ತಿಪಟೂರಿನಲ್ಲಿ ಅದೇ ಕೊಬ್ಬರಿ 20,000 ದಾಟಿತು. ಈ ಏರಿಳಿತವನ್ನು ರೈತ ಟೆಂಡರ್ ಟೆಂಡರ್‌ಗೂ ಅಂಗೈಯಲ್ಲಿ ನೋಡಿದ. ಬೆಲೆ ನೆಲ ಕಚ್ಚಿದಾಗ ಅಟ್ಟದಲ್ಲಿದ್ದ ಕಾಯಿ ಹದಕ್ಕೆ ಬಂದಿತ್ತೋ ಇಲ್ಲವೋ, ಮನಸ್ಸು ಕೌಟಾಗಿತ್ತು. ಬೆಲೆ ಏರಿದಾಗಲೂ ನೆಮ್ಮದಿಯಿಲ್ಲ: ಕಳೆದ ವಾರ ಕೊಟ್ಟವನು ಈ ವಾರ ಪರಿತಪಿಸಿದ, ಈ ವಾರ ಕೊಟ್ಟವನು ಮುಂದಿನ ವಾರಕ್ಕೆ ಹೆದರಿದ. ಹಿಂದೆಯೂ ಬೆಲೆ ಏರಿಳಿಯುತ್ತಿತ್ತು. ಆದರೆ ಅಟ್ಟಕ್ಕೆ ಕಾಯಿ ಏರಿಸಿದ ಮೇಲೆ ಅದನ್ನು ಇಳಿಸುವವರೆಗೆ ಮನುಷ್ಯನಿಗೆ ಕೊಬ್ಬರಿಯ ಯೋಚನೆಯಿಂದ ಒಂದು ರಜೆ ಇತ್ತು. ರಾಗಿ ಬಿತ್ತನೆ, ಹೆಸರು ಬಿಡಿಸುವುದು, ಮದುವೆ, ಜಾತ್ರೆ, ನಾಟಕ ಎಲ್ಲವೂ ಆ ರಜೆಯೊಳಗೆ ಹಿಡಿಸುತ್ತಿದ್ದವು. ಫೋನ್ ಕೊಬ್ಬರಿಯನ್ನು ಒಂದು ದಿನವೂ ಬೇಗ ಒಣಗಿಸಲಿಲ್ಲ. ಆ ರಜೆಯನ್ನು ಮಾತ್ರ ತೆಗೆದುಕೊಂಡಿತು.

ಇನ್ನು ಬೋರ್‌ವೆಲ್ ಮೋಟಾರಿನ ಕಥೆ. ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬರುತ್ತಿದ್ದ ದಿನಗಳನ್ನು ಇಲ್ಲಿರುವವರು ಯಾರೂ ಮರೆತಿಲ್ಲ, ಎಷ್ಟೋ ಕಡೆ ಆ ದಿನಗಳು ಇನ್ನೂ ಮುಗಿದಿಲ್ಲ. ಟಾರ್ಚ್ ಹಿಡಿದು ತೋಟಕ್ಕೆ ಹೋಗಬೇಕು, ಸ್ಟಾರ್ಟರ್ ಒತ್ತಬೇಕು, ಕರೆಂಟ್ ಹೋದರೆ ಮತ್ತೆ ಕಾಯಬೇಕು. ಹಾವು ಕಚ್ಚಿ ಸತ್ತವರಿದ್ದಾರೆ. ಮೊಬೈಲ್ ಸ್ಟಾರ್ಟರ್ ಬಂತು. ಮನೆಯಲ್ಲಿ ಮಲಗಿದ್ದಲ್ಲಿಂದಲೇ ಒಂದು ಕರೆ ಮಾಡಿದರೆ ಮೋಟಾರ್ ಓಡುತ್ತದೆ. ಇದನ್ನು ಕಂಡುಹಿಡಿದವರಿಗೆ ಕೈ ಮುಗಿಯಬೇಕು, ಸಾರ್ಥಕ ಬದುಕಿನ ಹೆಸರಿನಲ್ಲಿ ಇದನ್ನು ಹಳಿಯುವವರು ಒಂದು ರಾತ್ರಿ ತೋಟಕ್ಕೆ ಹೋಗಿ ಬರಲಿ. ರೈತನಿಗೆ ರಾತ್ರಿಯ ನಿದ್ದೆ ವಾಪಸು ಸಿಕ್ಕಿತು. ಆದರೆ ಆ ನಿದ್ದೆಯನ್ನು ಅವನು ಮಾಡುತ್ತಿದ್ದಾನೆಯೇ ಎಂದು ಮನೆಯವರನ್ನು ಕೇಳಿ. ಮೋಟಾರಿಗೆ ಕರೆ ಮಾಡಲು ಎತ್ತಿಕೊಂಡ ಫೋನ್ ಕೈಯಲ್ಲೇ ಉಳಿಯುತ್ತದೆ. ಮೋಟಾರಿನ ಕೆಲಸ ಅರೆಗಳಿಗೆಯಲ್ಲಿ ಮುಗಿದಿದೆ. ರೀಲ್ಸ್ ಮುಗಿಯುವುದಿಲ್ಲ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ 1930ರಲ್ಲಿ ಒಂದು ಲೇಖನ ಬರೆದ. ನೂರು ವರ್ಷದಲ್ಲಿ ಯಂತ್ರಗಳು ಎಷ್ಟು ಮುಂದುವರಿಯುತ್ತವೆಂದರೆ ಮೊಮ್ಮಕ್ಕಳ ಕಾಲಕ್ಕೆ ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕಾದೀತು ಎಂದು ಅವನ ಅಂದಾಜು. ಆಮೇಲೆ ಮನುಷ್ಯನಿಗೆ ಉಳಿಯುವ ದೊಡ್ಡ ಕಷ್ಟವೆಂದರೆ ಬಿಡುವನ್ನು ಹೇಗೆ ಕಳೆಯುವುದು ಎಂಬುದೇ ಎಂದು ಅವನು ಹೆದರಿದ್ದ. ಆ ನೂರು ವರ್ಷ ಈಗ ಹತ್ತಿರ ಬಂದಿದೆ. ದುಡಿಮೆ ಕಡಿಮೆಯಾಗುತ್ತದೆಂಬ ಲೆಕ್ಕ ತಪ್ಪಿತು. ಬಿಡುವಿನ ಬಗ್ಗೆ ಅವನಿಗಿದ್ದ ಹೆದರಿಕೆ ಸರಿಯಾಯಿತು, ಆದರೆ ಬಿಡುವು ಸಿಕ್ಕ ಮೇಲಲ್ಲ, ಸಿಗುವುದಕ್ಕೆ ಮೊದಲೇ ಅದನ್ನು ಕೊಂಡುಕೊಳ್ಳಲು ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಂಥ ಮಾತು ಆಡುವ ಗಂಡಸರು ಬೇಗ ಬೀಸುವ ಕಲ್ಲಿನ ಕಡೆ ತಿರುಗುತ್ತಾರೆ. ಆಗೆಲ್ಲ ಹೆಂಗಸರು ಬೀಸುತ್ತ ಪದ ಹೇಳುತ್ತಿದ್ದರು, ಆ ಸೊಗಸು ಈಗೆಲ್ಲಿ ಎಂದು ನಿಟ್ಟುಸಿರು ಬಿಡುತ್ತಾರೆ. ಆ ಪದಗಳು ಕನ್ನಡದ ದೊಡ್ಡ ಆಸ್ತಿ, ಒಪ್ಪಿದೆ. ಆದರೆ ಕೋಳಿ ಕೂಗುವ ಮೊದಲೇ ಎದ್ದು ಮನೆಮಂದಿಗೆಲ್ಲ ರಾಗಿ ಬೀಸಿದವಳ ರಟ್ಟೆಯನ್ನು ಯಾರೂ ಕೇಳಲಿಲ್ಲ. ಮಿಲ್ಲು ಬಂದಾಗ, ಮಿಕ್ಸಿ ಬಂದಾಗ, ಗ್ಯಾಸ್ ಬಂದಾಗ ಅವಳು ಅತ್ತಿದ್ದನ್ನು ನಾನು ಕಂಡಿಲ್ಲ. ಅವಳಿಗೆ ಉಳಿದ ಹೊತ್ತಿನಲ್ಲಿ ದೊಡ್ಡ ಪಾಲು ಇನ್ನೊಂದು ಕೆಲಸಕ್ಕೇ ಹೋಯಿತು: ಡೇರಿಗೆ ಹಾಲು, ಸಂಘದ ಸಾಲದ ಕಂತು, ಮಕ್ಕಳ ಹೋಮ್‌ವರ್ಕ್. ಅಷ್ಟಾದ ಮೇಲೆ ರಾತ್ರಿ ಒಂಬತ್ತಕ್ಕೆ ಒಂದು ಧಾರಾವಾಹಿ ನೋಡಿದರೆ ಅದನ್ನು ಚಟ ಎನ್ನುವ ಹಕ್ಕು ಜಗಲಿಯ ಮೇಲೆ ಇಸ್ಪೀಟು ಆಡಿಕೊಂಡು ಬಂದ ನಮಗೆ ಇಲ್ಲ.

ಹಾಗಾದರೆ ಹಳೆಯದು ಒಳ್ಳೆಯದು, ಹೊಸದು ಕೆಟ್ಟದು ಎನ್ನುವ ಅಳತೆಗೋಲು ಕೆಲಸಕ್ಕೆ ಬರುವುದಿಲ್ಲ. ಬೇರೆ ಅಳತೆ ಬೇಕು. ಅದನ್ನು ನನಗೆ ತೋರಿಸಿಕೊಟ್ಟದ್ದು ಹಾರ್ಮೋನಿಯಂ.

ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರಿಗೆ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಯಾರೆಂದು ಹೇಳಬೇಕಾಗಿಲ್ಲ. ಇದು ಗುಬ್ಬಿ ನಾಟಕ ಕಂಪನಿಯ ಜಿಲ್ಲೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೇ ದೊಡ್ಡದಾಯಿತು. ಅವರ ಕುರುಕ್ಷೇತ್ರ ನಾಟಕದಲ್ಲಿ ಆನೆ ಕುದುರೆಗಳೇ ರಂಗದ ಮೇಲೆ ಬಂದವು. ಕಂಪನಿಯ ಕಾಲ ಮುಗಿಯಿತು. ಹಳ್ಳಿಯಲ್ಲಿ ಕುರುಕ್ಷೇತ್ರ ಮುಗಿಯಲಿಲ್ಲ. ಇಂದಿಗೂ ಸುಗ್ಗಿ ಮುಗಿದ ಮೇಲೆ ಊರಿನ ಹತ್ತಾರು ಜನ ಸೇರುತ್ತಾರೆ, ಒಬ್ಬ ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ, ಪಾತ್ರಗಳು ಹಂಚಿಕೆಯಾಗುತ್ತವೆ. ಪಾತ್ರಧಾರಿಗೆ ಯಾರೂ ಸಂಭಾವನೆ ಕೊಡುವುದಿಲ್ಲ. ಅವನೇ ಪಾತ್ರಕ್ಕೆ ದುಡ್ಡು ಹಾಕಬೇಕು. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಶಕುನಿಗೆ ಇಷ್ಟು. ಸೀನರಿ, ಡ್ರೆಸ್ಸು, ಮೈಕು ಎಲ್ಲದಕ್ಕೂ ಆ ಹಣ. ಹೊರಗಿನವರಿಗೆ ಇದು ಹುಚ್ಚು ಅನಿಸುತ್ತದೆ. ಹಗಲು ಅಂಗಡಿ ನಡೆಸುವವನು, ಲೈನ್‌ಮನ್, ತೋಟದವನು ತಿಂಗಳುಗಟ್ಟಲೆ ರಾತ್ರಿ ಊಟ ಮಾಡಿ ಬಂದು ಒಂದೇ ಕಂದಪದ್ಯವನ್ನು ಮತ್ತೆ ಮತ್ತೆ ಹಾಡಿ, ಮೇಷ್ಟ್ರ ಕೈಯಲ್ಲಿ ಬೈಸಿಕೊಂಡು, ಕೊನೆಗೆ ಒಂದೇ ಒಂದು ರಾತ್ರಿ ಕಿರೀಟ ಇಟ್ಟು ನಿಲ್ಲುತ್ತಾನೆ. ಬೆಳಗಾದರೆ ಬಣ್ಣ ತೊಳೆದು ಹಾಲು ಹಾಕಲು ಡೇರಿಗೆ ಹೋಗುತ್ತಾನೆ.

ಆ ಹಾರ್ಮೋನಿಯಂ ನಮ್ಮದೆಂದು ತಿಳಿದುಕೊಂಡಿದ್ದೇವೆ. ಅದು ನಮ್ಮದಲ್ಲ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಡೆಬೈನ್ ಎಂಬುವನು ಅದಕ್ಕೆ ಪೇಟೆಂಟ್ ಪಡೆದ. ನೆಲದ ಮೇಲೆ ಕೂತು ಕೈಯಿಂದ ತಿದಿ ಒತ್ತುವ ಈಗಿನ ರೂಪ ಕಲ್ಕತ್ತೆಯಲ್ಲಿ ಸಿದ್ಧವಾಯಿತು. ಬಂದಾಗ ಅದನ್ನು ಹಳಿದವರು ಸಣ್ಣಪುಟ್ಟವರಲ್ಲ. ರವೀಂದ್ರನಾಥ ಠಾಕೂರರಿಗೆ ಅದು ಆಗುತ್ತಿರಲಿಲ್ಲ. ನಮ್ಮ ಸಂಗೀತದ ಗಮಕವನ್ನು ಕೊಲ್ಲುತ್ತದೆಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಮೂವತ್ತು ವರ್ಷ ದೆಹಲಿಯಲ್ಲಿ ವಿದ್ವಾಂಸರು ಅದನ್ನು ಹೊರಗಿಟ್ಟಿದ್ದಾಗ ನಮ್ಮ ಹಳ್ಳಿಯ ಮೇಷ್ಟ್ರು ಅದನ್ನು ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಊರೂರು ಸುತ್ತಿ ಭೀಮಾರ್ಜುನರನ್ನು ತಯಾರು ಮಾಡುತ್ತಿದ್ದರು. ವಿದ್ವಾಂಸರ ದೂರು ಸಂಗೀತದ ಮಟ್ಟಿಗೆ ಸರಿಯೇ ಇರಬಹುದು. ಬದುಕಿನ ಮಟ್ಟಿಗೆ ಮೇಷ್ಟ್ರು ಸರಿ.

ಏಕೆಂದರೆ ಹಾರ್ಮೋನಿಯಂ ಮನುಷ್ಯನಿಂದ ಏನನ್ನೋ ಕೇಳುತ್ತದೆ. ಬೆರಳು ಕೇಳುತ್ತದೆ, ಕಿವಿ ಕೇಳುತ್ತದೆ, ವರ್ಷಗಳನ್ನು ಕೇಳುತ್ತದೆ. ಕೊಟ್ಟಷ್ಟೂ ಮನುಷ್ಯ ಬೆಳೆಯುತ್ತಾನೆ. ಒಬ್ಬನೇ ಕೂತು ಬಾರಿಸಿದರೂ ಕೇಳುವವರು ಬಂದು ಸುತ್ತ ಸೇರುತ್ತಾರೆ. ಗಾಂಧೀಜಿ 1924ರಲ್ಲಿ ಯಂತ್ರಗಳ ಬಗ್ಗೆ ಮಾತನಾಡುವಾಗ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟದ್ದು ಇದೇ ದಾರಿಯ ಯೋಚನೆಯಿಂದ ಇರಬೇಕು. 1909ರಲ್ಲಿ ಹಿಂದ್ ಸ್ವರಾಜ್ ಬರೆದು ರೈಲನ್ನೂ ಗಿರಣಿಯನ್ನೂ ತಳ್ಳಿಹಾಕಿದ ಮನುಷ್ಯ ಅವರು. ಮನೆಯಾಕೆಯ ಕೈಯ ಬೇಸರವನ್ನು ಕಳೆದು, ಕೈಯನ್ನು ಕೈಯಾಗಿಯೇ ಉಳಿಸುವ ಯಂತ್ರದ ಮೇಲೆ ಅವರಿಗೆ ಜಗಳವಿರಲಿಲ್ಲ. ಅಮೆರಿಕದ ಮೊಂಟಾನಾದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಆಲ್ಬರ್ಟ್ ಬೋರ್ಗ್‌ಮನ್ 1984ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ಒಲೆಯ ಉದಾಹರಣೆಯಿಂದ ವಿವರಿಸಿದ. ಚಳಿ ದೇಶದ ಮನೆಯಲ್ಲಿ ಸೌದೆಯ ಒಲೆ ಇದ್ದಾಗ ಒಬ್ಬ ಕಡಿಯಬೇಕು, ಒಬ್ಬ ತರಬೇಕು, ಒಬ್ಬಳು ಹೊತ್ತಿಸಬೇಕು, ಉರಿ ಬಂದ ಮೇಲೆ ಎಲ್ಲರೂ ಅದರ ಸುತ್ತ ಕೂರಬೇಕು. ಗೋಡೆಯ ಕೊಳವೆಯಿಂದ ಬಿಸಿ ಬರತೊಡಗಿದ ಮೇಲೆ ಬಿಸಿಯೇನೋ ಎಲ್ಲ ಕೋಣೆಗೂ ಬಂತು, ಕೂರುವ ಜಾಗ ಹೋಯಿತು. ಯಂತ್ರ ಸರಕನ್ನು ಕೊಟ್ಟು ಅದಕ್ಕೆ ಬೇಕಿದ್ದ ಒಡನಾಟವನ್ನು ಅಡಗಿಸುತ್ತದೆ ಎಂಬುದು ಅವನ ವಾದದ ತಿರುಳು. ಒಪ್ಪಬಹುದಾದ ಮಾತು. ಒಲೆಯ ಹೊಗೆ ಯಾರ ಕಣ್ಣಿಗೆ ಹೋಯಿತು ಎಂದು ಅವನು ಇನ್ನೂ ಸ್ವಲ್ಪ ಯೋಚಿಸಬೇಕಿತ್ತು, ಅಷ್ಟೇ.

ಟಿವಿ ಬಂದ ಬಗೆಯನ್ನು ಇಲ್ಲಿ ನೆನೆಯಬೇಕು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆಯಿತು. ಆರು ರಾಜ್ಯಗಳ 2,400 ಹಳ್ಳಿ, ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಊರಿಗೆಲ್ಲ ಒಂದು ಪೆಟ್ಟಿಗೆ. ಬೇಸಾಯದ ಕಾರ್ಯಕ್ರಮವನ್ನು ಊರೇ ಕೂತು ನೋಡಿತು. ಹತ್ತು ಹನ್ನೆರಡು ವರ್ಷದ ಮೇಲೆ ರಾಮಾಯಣ ಧಾರಾವಾಹಿ ಬಂದಾಗಲೂ ಟಿವಿ ಇದ್ದ ಮನೆಯ ಕಿಟಕಿಗೆ ಬೀದಿಯೇ ಜೋತುಬಿದ್ದಿತ್ತು. ಆಮೇಲೆ ಮನೆಗೊಂದಾಯಿತು, ಕೋಣೆಗೊಂದಾಯಿತು, ಈಗ ಕೈಗೊಂದು. ನೋಡುವುದು ಹೆಚ್ಚಾಗುತ್ತ ಹೋದಂತೆ ಜೊತೆಗೆ ಕೂರುವವರು ಕಡಿಮೆಯಾಗುತ್ತ ಹೋದರು.

ಹಾಗೆ ನೋಡುವವನ ಮನಸ್ಸಿಗೆ ಏನಾಯಿತು ಎಂಬುದನ್ನು ನಮ್ಮವರೇ ಒಬ್ಬರ ಬೆಳಕಿನಲ್ಲಿ ಇನ್ನಷ್ಟು ಸ್ಪಷ್ಟವಾಗಿ ನೋಡಬಹುದು. ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ ಭಾರತೀಯ ಕಾವ್ಯಮೀಮಾಂಸೆಯನ್ನು ಕೊಟ್ಟರು. ಕನ್ನಡದಲ್ಲಿ ಕಾವ್ಯವನ್ನು ಓದುವ ಮನಸ್ಸಿನ ಬಗ್ಗೆ ಯೋಚಿಸುವವರು ಇಂದಿಗೂ ಆ ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ. ಒಳಗೆ ಹೋದವರಿಗೆ ಅಭಿನವಗುಪ್ತ ಸಿಗುತ್ತಾನೆ. ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ಕೂತು ಅವನು ಒಂದು ಪ್ರಶ್ನೆ ಕೇಳಿಕೊಂಡ: ನಾಟಕ ಎದುರಿಗೇ ನಡೆಯುತ್ತಿರುವಾಗಲೂ ನೋಡುವವನಿಗೆ ರಸ ಏಕೆ ಹುಟ್ಟುವುದಿಲ್ಲ? ಅದಕ್ಕೆ ಏಳು ವಿಘ್ನಗಳನ್ನು ಅವನು ಎಣಿಸಿದ. ಏಳನ್ನೂ ವಿವರಿಸುತ್ತ ಹೋದರೆ ಕೊನೆಯ ಬಸ್ ಹೋಗಿಬಿಡುತ್ತದೆ. ಎರಡು ಸಾಕು.

ಒಂದು, ತನ್ನ ಸುಖದುಃಖಗಳಿಗೆ ತಾನೇ ವಶವಾಗಿಬಿಡುವುದು. ನನ್ನ ಲಾಭ, ನನ್ನ ನಷ್ಟ, ನನ್ನನ್ನು ಯಾರು ಹೊಗಳಿದರು, ಯಾರು ತೆಗಳಿದರು ಎಂಬುದರಲ್ಲಿ ಮುಳುಗಿದವನು ಎದುರಿಗೆ ಸೀತೆಯೇ ಅಳುತ್ತಿದ್ದರೂ ಅಲ್ಲಿ ನಿಲ್ಲಲಾರ. ಇನ್ನೊಂದು, ಅಪ್ರಧಾನವಾದುದರಲ್ಲಿ ಮನಸ್ಸು ಸಿಕ್ಕಿಕೊಳ್ಳುವುದು. ಮುಖ್ಯವಲ್ಲದ್ದು ಎಷ್ಟೇ ಚೆಂದವಾಗಿರಲಿ, ಅದರಲ್ಲಿ ಅರಿವು ತಂಗುವುದಿಲ್ಲ, ಇನ್ನೊಂದಕ್ಕೆ ಓಡುತ್ತದೆ. ನಮ್ಮ ಕೈಯಲ್ಲಿರುವ ಯಂತ್ರವನ್ನು ಈ ಎರಡನ್ನು ಇಟ್ಟುಕೊಂಡು ಪರೀಕ್ಷಿಸಿ. ಒಂದು ಕ್ಷಣ ನನಗೆ ಬಂದ ಲೈಕು, ಮರುಕ್ಷಣ ಎಲ್ಲೋ ಯಾರೋ ಜಾರಿಬಿದ್ದ ವಿಡಿಯೊ, ಅದರ ಹಿಂದೆ ಒಂದು ಸಾವು, ಅದರ ಹಿಂದೆ ಸೀರೆಯ ಜಾಹೀರಾತು. ಸಾವಿನ ಮೇಲೂ ಬೆರಳು ಅದೇ ವೇಗದಲ್ಲಿ ಸರಿಯುತ್ತದೆ. ಮೊಬೈಲಿನಿಂದ ಸಮಯ ಹಾಳು ಎಂಬ ದೂರು ನನಗೆ ಸಣ್ಣದಾಗಿ ಕಾಣುವುದು ಇದಕ್ಕೇ. ಸಮಯ ಹಾಳು ಮಾಡುವುದರಲ್ಲಿ ನಮ್ಮ ಅಶ್ವತ್ಥಕಟ್ಟೆಗಳು ಯಾವ ಕಂಪನಿಗೂ ಕಡಿಮೆಯಿರಲಿಲ್ಲ. ಕಟ್ಟೆಯ ಮೇಲೆ ಹಾಳಾದ ಸಮಯದಲ್ಲಿ ಮಾತ್ರ ಒಬ್ಬನ ಕಷ್ಟ ಇನ್ನೊಬ್ಬನ ಮನಸ್ಸಿನಲ್ಲಿ ಸ್ವಲ್ಪ ಹೊತ್ತು ತಂಗುತ್ತಿತ್ತು.

ಮೂಡಲಪಾಯ ಯಕ್ಷಗಾನವನ್ನು ಇಲ್ಲಿ ಹಿರಿಯರು ನೋಡಿದ್ದೀರಿ. ಬಯಲುಸೀಮೆಯ ಈ ಆಟ ಕರಾವಳಿಯ ಪಡುವಲಪಾಯಕ್ಕಿಂತ ಬೇರೆ ನೆಲೆಯದು ಎಂದು ವಿದ್ವತ್ತಿನ ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಜೀ.ಶಂ. ಪರಮಶಿವಯ್ಯನವರು ಮುಖ್ಯರು. ಮುಖವೀಣೆ, ಮದ್ದಳೆ, ಭಾಗವತನ ಹಿಮ್ಮೇಳದಲ್ಲಿ ರಾತ್ರಿಯೆಲ್ಲ ನಡೆಯುವ ಆಟ. ಅದರಲ್ಲಿ ಬೇಸರದ ಗಳಿಗೆಗಳು ಬೇಕಾದಷ್ಟಿದ್ದವು, ನಡುರಾತ್ರಿ ನೋಡುವವರು ನಿದ್ದೆಯನ್ನೂ ಮಾಡುತ್ತಿದ್ದರು. ಆದರೆ ಎದ್ದು ಬೇರೆಡೆಗೆ ಹೋಗುವ ದಾರಿ ಇರಲಿಲ್ಲ. ಬೇಸರವನ್ನು ದಾಟಿದ ಮೇಲೆಯೇ ಯುದ್ಧದ ಪ್ರಸಂಗ ಬರುತ್ತಿತ್ತು. ಬೇಸರವಾದ ಕೂಡಲೇ ತಪ್ಪಿಸಿಕೊಳ್ಳುವ ದಾರಿ ಜೇಬಿನಲ್ಲೇ ಇರುವಾಗ ಯಾವ ಮಗುವೂ ಆ ಯುದ್ಧದವರೆಗೆ ಕಾಯುವುದಿಲ್ಲ. ಮಗುವಿನ ತಪ್ಪೇನೂ ಇಲ್ಲ.

ಇಲ್ಲಿಯವರೆಗೆ ಬಿಡುವುದು ಹಿಡಿಯುವುದು ನಮ್ಮ ಕೈಯಲ್ಲೇ ಇದೆ ಎನ್ನುವಂತೆ ಮಾತನಾಡಿದೆ. ಅದು ಅರ್ಧ ನಿಜ. 2024ರ ಮೊದಲ ತಿಂಗಳುಗಳಲ್ಲಿ ನಾಫೆಡ್‌ನವರು ಬೆಂಬಲ ಬೆಲೆಗೆ ಮಾಡುವ ಕೊಬ್ಬರಿ ಖರೀದಿಗೆ ನೋಂದಣಿ ಶುರುವಾದಾಗ ಈ ಸೀಮೆಯ ರೈತರು ರಾತ್ರಿಯೇ ಬಂದು ಸಾಲು ಹಿಡಿದು ಮಲಗಿದರು. ಮೊದಲ ಸಲದ ನೋಂದಣಿಯಲ್ಲಿ ಅಕ್ರಮದ ದೂರು ಬಂದು ಅದು ರದ್ದಾಗಿ, ಬೆರಳಚ್ಚು ಕಡ್ಡಾಯ ಮಾಡಿ ಎರಡನೇ ಸಲ ನಡೆಯಿತು. ಫ್ರೂಟ್ಸ್ ಎಂಬ ರೈತ ನೋಂದಣಿಯ ಐಡಿ ಬೇಕು, ಆಧಾರ್ ಬೇಕು, ಪಹಣಿಯಲ್ಲಿ ತೆಂಗು ನಮೂದಾಗಿರಬೇಕು, ಸರ್ವರ್ ಇರಬೇಕು. ಜೀವಮಾನವೆಲ್ಲ ಕಾಯಿ ಸುಲಿದು ಗೆರೆ ಸವೆದ ಹೆಬ್ಬೆರಳನ್ನು ಆ ಪುಟ್ಟ ಗಾಜು ಗುರುತಿಸುವುದು ಕಷ್ಟ. ಅಂಥವರಿಗೆ ಹೋಗಿ ತಂತ್ರಜ್ಞಾನದಿಂದ ದೂರವಿರಿ, ಬದುಕು ಸಾರ್ಥಕವಾಗುತ್ತದೆ ಎಂದರೆ ಅವರು ನಮ್ಮನ್ನು ಸಾಲಿನಿಂದ ಆಚೆಗೆ ತಳ್ಳುತ್ತಾರೆ, ತಳ್ಳಬೇಕು. ಫೋನಿಲ್ಲದೆ ಈಗ ರೇಷನ್ನೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಒಟಿಪಿಗಾಗಿ ಕೈಗೆತ್ತಿಕೊಂಡದ್ದೇ ಸಂಜೆ ರಮ್ಮಿಯನ್ನೂ ತೋರಿಸುತ್ತದೆ.

ರಮ್ಮಿ ಎಂದೆ. ಅದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ, ಈ ಸಭೆಯಲ್ಲಿ ಅದರಿಂದ ನೊಂದ ಮನೆಯವರು ಇರಬಹುದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ರಾಜ್ಯ 2021ರಲ್ಲಿ ಕಾನೂನು ತಂದು ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗವನ್ನು ರದ್ದು ಮಾಡಿತು, 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಮಾಡಿತು. ಈ ನಡುವಿನ ವರ್ಷಗಳಲ್ಲಿ ಎಷ್ಟು ಮನೆಗಳ ಕೊಬ್ಬರಿ ದುಡ್ಡು ಆ ದಾರಿಯಲ್ಲಿ ಹೋಯಿತು ಎಂಬ ಲೆಕ್ಕ ಯಾರೂ ಇಟ್ಟಿಲ್ಲ. ಚಟ ಹಿಡಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಒಂದು ಪ್ರತ್ಯೇಕ ಚಿಕಿತ್ಸಾಲಯ ಇದೆ, ಷಟ್ ಕ್ಲಿನಿಕ್ ಎಂದು ಅದರ ಹೆಸರು. ಮರ್ಯಾದೆಗೆ ಅಂಜಿ ಕೂರಬೇಡಿ, ಕರೆದುಕೊಂಡು ಹೋಗಿ.

ಕೊರೊನಾ ವರ್ಷದ ಒಂದು ಸಂಗತಿ ಮಾತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಪೇಟೆಯ ಮಕ್ಕಳಿಗೆ ಆನ್‌ಲೈನ್ ಪಾಠ ಬಂತು. ಹಳ್ಳಿಯ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಫೋನೇ ಇಲ್ಲದ ಮಕ್ಕಳ ಗತಿ? ಆಗ ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಂಗಳು ವಿದ್ಯಾಗಮ ಎಂಬ ಕಾರ್ಯಕ್ರಮದಲ್ಲಿ ತಾವೇ ಊರೂರಿಗೆ ಹೋದರು. ದೇವಸ್ಥಾನದ ಪಡಸಾಲೆ, ಮರದ ನೆರಳು, ಸಮುದಾಯ ಭವನ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಇದ್ದಷ್ಟು ದಿನ ಅದು ಒಂದನ್ನು ತೋರಿಸಿತು: ಯಂತ್ರ ಇದ್ದ ಕಡೆ ಪಾಠ ಮುಟ್ಟಿತು, ಯಂತ್ರ ಇಲ್ಲದ ಕಡೆ ಮೇಷ್ಟ್ರೇ ಮುಟ್ಟಿದರು. ಯಾವ ಮಕ್ಕಳು ಅದೃಷ್ಟವಂತರು ಎಂದು ಆಗ ಹೇಳುವುದು ಸುಲಭವಾಗಿತ್ತು. ಈಗ ನನಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಕೊನೆಗೆ, ಏನಾದರೂ ಮಾಡಲು ಸಾಧ್ಯವೇ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ನಮ್ಮ ಬೆಳಗಾವಿಗೆ ತಾಗಿಕೊಂಡಿರುವ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ ಇದೆ. 2022ರ ಸ್ವಾತಂತ್ರ್ಯ ದಿನದ ಹೊತ್ತಿಗೆ ಅವರು ಗ್ರಾಮಸಭೆಯಲ್ಲಿ ಒಂದು ನಿರ್ಧಾರ ಮಾಡಿದರು. ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ, ಒಂದೂವರೆ ಗಂಟೆ ಊರಿನಲ್ಲಿ ಟಿವಿ, ಮೊಬೈಲ್ ಬಂದ್. ಮಕ್ಕಳು ಓದುತ್ತಾರೆ, ದೊಡ್ಡವರು ಮಾತನಾಡುತ್ತಾರೆ. ಸುದ್ದಿ ಓದಿ ನಾನು ಮೆಚ್ಚಿದೆ, ಸ್ವಲ್ಪ ನಕ್ಕೆ ಕೂಡ, ಸುಮ್ಮನೆ ಕೂರಲು ಸೈರನ್ ಬೇಕಾಯಿತಲ್ಲ ಎಂದು. ಆದರೆ ಅವರು ಒಂದನ್ನು ಸರಿಯಾಗಿ ಹಿಡಿದಿದ್ದಾರೆ: ಒಬ್ಬನೇ ಬಿಡಲು ಆಗುವುದಿಲ್ಲ, ಊರೇ ಒಟ್ಟಿಗೆ ಬಿಟ್ಟರೆ ಆಗುತ್ತದೆ. ವ್ರತ ಮಾಡಿ ಕೋಣೆಯಲ್ಲಿ ಕೂತವನು ಎರಡೇ ದಿನದಲ್ಲಿ ಸೋಲುತ್ತಾನೆ, ಅವನ ಗೆಳೆಯರೆಲ್ಲ ಇರುವುದು ಆ ಫೋನಿನೊಳಗೆ.

ಹುಳಿಯಾರಿಗೆ ಸೈರನ್ ಬೇಡ. ಇಲ್ಲಿ ಬೇಕಾದದ್ದೆಲ್ಲ ಇದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಅವು ರೈತರೂ ಮಕ್ಕಳೂ ಬಿಡುವಾಗಿರುವ ರಾತ್ರಿ ಹೊತ್ತಿನಲ್ಲಿ ಎರಡು ಗಂಟೆ ತೆರೆದಿರಲಿ. ಕುರುಕ್ಷೇತ್ರದ ತಾಲೀಮಿಗೆ ಪಾತ್ರಕ್ಕೆ ದುಡ್ಡು ಹಾಕಲಾರದ ಬಡ ಹುಡುಗರು ಹೊರಗೆ ನಿಂತು ನೋಡುತ್ತಾರೆ, ಹುಡುಗಿಯರು ಹೊರಗೂ ನಿಲ್ಲುವುದಿಲ್ಲ. ಅವರನ್ನು ಒಳಗೆ ಕರೆಯಬೇಕು. ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ದುಡ್ಡು ಕೊಟ್ಟು ಕಲಾವಿದೆಯನ್ನು ಕರೆಸುವ ಊರಿನಲ್ಲಿ ಹಾಡಬಲ್ಲ ಹುಡುಗಿಯರು ಇಲ್ಲವೇ? ನಾಟಕವನ್ನು ಮೊಬೈಲಿನಲ್ಲಿ ಚಿತ್ರಿಸಿ ಯೂಟ್ಯೂಬಿಗೆ ಹಾಕುವವರು ಹಾಕಲಿ, ದುಬೈನಲ್ಲಿರುವ ಊರಿನ ಮಗ ನೋಡಿ ಖುಷಿಪಡಲಿ. ಚಿತ್ರಿಸುವವನಿಗೂ ಮುಂದಿನ ವರ್ಷ ಒಂದು ಪಾತ್ರ ಕೊಡಿ.

ದತ್ತಿ ಇಟ್ಟವರಲ್ಲಿ ನನ್ನದೊಂದು ಅರಿಕೆ. ಮುಂದಿನ ವರ್ಷ ಈ ಹಣದಲ್ಲಿ ನನ್ನಂಥವನನ್ನು ಕರೆಸಿ ಒಂದು ಗಂಟೆ ಮಾತನಾಡಿಸುವ ಬದಲು ಒಬ್ಬ ಹಾರ್ಮೋನಿಯಂ ಮೇಷ್ಟ್ರಿಗೆ ಕೊಟ್ಟು ಹತ್ತು ಮಕ್ಕಳಿಗೆ ಕಲಿಸಲು ಹೇಳಬಹುದೇ, ದತ್ತಿಯ ನಿಯಮ ಅದಕ್ಕೆ ಒಪ್ಪುತ್ತದೆಯೇ, ದಯವಿಟ್ಟು ನೋಡಿ. ಒಪ್ಪದಿದ್ದರೆ ಉಪನ್ಯಾಸದ ಜೊತೆಗೆ ಅದನ್ನೂ ಸೇರಿಸಿಕೊಳ್ಳುವ ದಾರಿಯನ್ನು ಕಾರ್ಯದರ್ಶಿಗಳು ಹುಡುಕಲಿ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು. ಮಕ್ಕಳು ಮೊದಲು ಕೇಳಲಿ.